ಬೇಸನ್ನಿನ ಸಮುದ್ರ

ನಮ್ಮಪ್ಪ ಪ್ಲ್ಯಾನ್ ಇಲ್ಲದೆ ಬಚ್ಚಲಿಗೂ ಹೋಗುವ ಮನುಷ್ಯನಲ್ಲ. ಹಾಸನಕ್ಕೆ ಹೋಗಿ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿಸಿಕೊಂಡು ಬರಬೇಕು ಅಂತಿಟ್ಟುಕೊಳ್ಳಿ. ಹಿಂದಿನ ದಿನವೇ ಜಗಲಿಯ ಮೇಲೆ ಕೂತು ಶುರು ಮಾಡುತ್ತಾನೆ. ಯಾವ ಬಸ್ಸು, ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ, ಇಳಿದ ಮೇಲೆ ಟೀ ಎಲ್ಲಿ, ಆ ಅಂಗಡಿ ಮುಚ್ಚಿದ್ದರೆ ಮತ್ತೆಲ್ಲಿ, ಮೆಕ್ಯಾನಿಕ್ಕು ಊಟಕ್ಕೆ ಹೋಗಿದ್ದರೆ ಅಲ್ಲಿಯವರೆಗೆ ಯಾರ ಮನೆಯಲ್ಲಿ ಕೂರುವುದು. ಒಂದನ್ನೂ ಬಿಡುವುದಿಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ನೆರಳಿನ ಕಡೆ ಸೀಟು ಹಿಡಿದು, ಹಾಸನದಲ್ಲಿ ಇಳಿದು, ಟೀ ಕುಡಿದು ಫೋನ್ ಮಾಡುತ್ತಾನೆ: “ಲೇ, ಸ್ಟಾರ್ಟರ್ ಮನೇಲೇ ಬುಟ್ಟು ಬಂದ್ಬುಟ್ಟೆ ಕಣೆ.”

ಇಂಥ ಮನುಷ್ಯನ ಕೈಗೆ ಅಮ್ಮ ಹೋಗಿ ಹೋಗಿ ಸಮುದ್ರವನ್ನು ಕೊಟ್ಟಳು.

ನಮ್ಮದು ಶಾಂತಿಗ್ರಾಮದಿಂದ ಸ್ವಲ್ಪ ಒಳಕ್ಕಿರುವ ಊರು. ನಾನು ಅಪ್ಪ ಅಮ್ಮನ ಜೊತೆ ಮನೆಯಲ್ಲೇ ಇದ್ದು ದಿನಾ ಹಾಸನಕ್ಕೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿಬರುವವಳು. ಒಂದು ಸಲ ನಮ್ಮೂರಿನ ಸಂಘದ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಕರಾವಳಿಯ ಕಡೆ ಟೂರ್ ಹೋದರು. ಅಮ್ಮನಿಗೆ ಹೋಗಲಾಗಲಿಲ್ಲ, ಹಸು ಆಗಷ್ಟೇ ಕರು ಹಾಕಿತ್ತು. ಹೋಗಿಬಂದ ಪಕ್ಕದ ಮನೆಯಾಕೆ ಪ್ರಸಾದ ಕೊಡಲು ಬಂದು, ಪ್ರಸಾದವನ್ನು ಕೈಯಲ್ಲೇ ಇಟ್ಟುಕೊಂಡು, ಬಾಗಿಲಲ್ಲಿ ನಿಂತು ಸಮುದ್ರ ವರ್ಣಿಸಿದಳು. “ನಾವು ನೀರ್ ತಾವ್ಕೆ ಓಗಂಗೇ ಇಲ್ಲ ಕಣಕ್ಕ. ಸುಮ್ನೆ ನಿಂತಿದ್ರೆ ಸಾಕು, ನೀರೇ ತಾನಾಗಿ ಬಂದು ಕಾಲ್ ನೆನುಸ್ಬುಟ್ಟು ಓಯ್ತದೆ.”

ಅಮ್ಮನಿಗೆ ಈ ಮಾತು ಹಿಡಿದುಕೊಂಡಿತು. ಹುಟ್ಟಿದಾಗಿನಿಂದ ನೀರು ಎಲ್ಲಿದೆಯೋ ಅಲ್ಲಿಗೆ ಬಿಂದಿಗೆ ಹೊತ್ತು ಹೋದವಳು ಅವಳು. ನೀರೇ ತಾನಾಗಿ ಕಾಲ ಬಳಿಗೆ ಬರುವುದು ಅವಳ ಲೆಕ್ಕದಲ್ಲಿ ಪವಾಡವೇ ಸರಿ. ಅವತ್ತು ಸಂಜೆ ಅಪ್ಪನನ್ನು ಕೇಳಿದಳು: “ನೀರು ತಾನಾಗೇ ಬತ್ತದಂತೆ, ನಿಜವಾ?”

ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡ. “ಸಮುದ್ರ ಅಂದ್ರೆ ಏನ್ ತಿಳ್ಕಂಡಿದ್ದೀಯ? ಗೊರೂರು ಡ್ಯಾಮ್ ಅಂದ್ಕಂಡ್ಯಾ? ಅದ್ರ ಮುಂದೆ ನಿಂತ್ರೆ ಮನ್ಸ ಮನ್ಸನೇ ಅಲ್ಲ ಕಣೆ. ಓಗ್ಬುಡಾಣ ತಡಿ. ಅದೇನ್ ಮಾ ದೊಡ್ಡದು, ಓಗಿ ಕಾಲ್ ನೆನುಸ್ಕಂಡ್ ಬರೋದು, ಅಷ್ಟೇಯಾ. ನಾನ್ ಪ್ಲ್ಯಾನ್ ಮಾಡ್ತೀನಿ.”

ಆ ಕೊನೆಯ ಮಾತು ನನ್ನ ಕಿವಿಗೂ ಬಿತ್ತು. ಮುಗಿಯಿತು, ಅಮ್ಮ ಇನ್ನು ಈ ಜನ್ಮದಲ್ಲಿ ಸಮುದ್ರ ನೋಡುವುದಿಲ್ಲ ಅಂದುಕೊಂಡೆ.

ಪ್ಲ್ಯಾನ್ ಮೀಟಿಂಗು ನಡೆಯುತ್ತಿದ್ದದ್ದು ಭಾನುವಾರ, ಹೊಳೆನರಸೀಪುರದಿಂದ ಅಕ್ಕ ಭಾವ ಬಂದಾಗ. ಭಾವನಿಗೆ ಅಲ್ಲಿ ಗೊಬ್ಬರದ ಅಂಗಡಿ. ಅಪ್ಪನ ಪ್ಲ್ಯಾನಿಗೂ ಭಾವನ ಹೊಟ್ಟೆಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಅಮ್ಮ ಬಾಳೆಕಾಯಿ ಬಜ್ಜಿ ಕರಿಯುವುದು, ಅಪ್ಪ ಅಡುಗೆಮನೆಯ ನೆಲದ ಮೇಲೆ ಪಾತ್ರೆ ಜೋಡಿಸುವುದು, ಭಾವ ಬಜ್ಜಿ ತಿನ್ನುತ್ತ ತಲೆ ಆಡಿಸುವುದು. ಉಪ್ಪಿನ ಡಬ್ಬ ಶಾಂತಿಗ್ರಾಮ, ಅಕ್ಕಿ ಅಳೆಯುವ ಪಾವು ಹಾಸನ, ಟೀ ಲೋಟ ಸಕಲೇಶಪುರ. ಕುಕ್ಕರನ್ನು ಬೋರಲು ಹಾಕಿದರೆ ಶಿರಾಡಿ ಘಾಟಿ. ಎಲ್ಲದರ ಆಚೆಗೆ ಅನ್ನ ಬಗ್ಗಿಸುವ ದೊಡ್ಡ ಸ್ಟೀಲ್ ಬೇಸನ್ನು. ಅದು ಸಮುದ್ರ. ಸುಮ್ಮನೆ ಬರಿ ಬೇಸನ್ನು ಇಟ್ಟರೆ ಅಪ್ಪನಿಗೆ ಆಗುತ್ತಿರಲಿಲ್ಲ, ಅದಕ್ಕೆ ಎರಡು ಚೊಂಬು ನೀರು ಹುಯ್ಯಲೇಬೇಕು.

“ಇಲ್ಲಿಂದ ಇಂಗೋದ್ರೆ ಇಲ್ಲಿ ತಿಂಡಿ,” ಅಂತ ಅಪ್ಪ ಪಾವು ತೋರಿಸುವುದು. “ಈ ಕುಕ್ಕರ್ ಇಳಿಯೋದ್ರೊಳ್ಗೆ ಅಕ್ಕಂಗೆ ವಾಂತಿ ಬತ್ತದೆ,” ಅಂತ ನಾನು. “ನಂಗೇನೂ ಬರಲ್ಲ,” ಅಂತ ಅಕ್ಕ ಮೂತಿ ತಿರುಗಿಸುವುದು. ಅಷ್ಟರಲ್ಲಿ ಬಜ್ಜಿಗೆ ಉಪ್ಪು ಸಾಲದೆ ಅಮ್ಮ ಶಾಂತಿಗ್ರಾಮವನ್ನು ಎತ್ತಿಕೊಂಡು ಹೋಗುವುದು.

ಆ ಬೇಸನ್ನಿನ ವಿಷಯದಲ್ಲಿ ಅಮ್ಮ ಬಹಳ ಬಿಗಿ. ಒಂದು ಭಾನುವಾರ ಅಪ್ಪ ಉತ್ಸಾಹದಲ್ಲಿ ಮಂಗಳೂರು ತೋರಿಸಲು ಎದ್ದು ದಾಟುವಾಗ ಕಾಲು ಬೇಸನ್ನಿನ ಅಂಚಿಗೆ ತಾಗಿತು. ಅಮ್ಮ ಸಟ್ಟುಗ ಹಿಡಿದೇ ತಿರುಗಿದಳು. “ಅನ್ನದ ಬೇಸನ್ಗೆ ಕಾಲ್ ತಾಗುಸ್ತೀರಲ್ಲ, ಕಣ್ಣಿಲ್ವಾ ನಿಮ್ಗೆ? ನಿಮ್ ಸಮುದ್ರ ತಕಂಡೋಗಿ ಬಚ್ಚಲಲ್ಲಿ ಮಡಿಕ್ಕಳಿ.” ಬೇಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತೊಳೆದು, ಅದರಲ್ಲೇ ಅನ್ನ ಬಗ್ಗಿಸಿ, ಆ ದಿನ ಅಪ್ಪನಿಗೆ ಕೊನೆಯಲ್ಲಿ ಬಡಿಸಿದಳು.

ಹೀಗೆ ವರ್ಷಗಟ್ಟಲೆ ನಡೆಯಿತು. ಒಂದು ಸಲ ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆ ಅಡ್ಡ ಬಂತು. ಒಂದು ಸಲ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಯಿತು. ಮತ್ತೊಂದು ಸಲ ಯೂರಿಯಾ ಲೋಡು ಬಂತು ಅಂತ ಭಾವ ಕೈ ಎತ್ತಿದರು. ನನಗೆ ಮೈ ಉರಿಯುತ್ತಿತ್ತು. ಪ್ಲ್ಯಾನ್ ಅನ್ನುವುದು ಹೋಗದೇ ಇರುವುದಕ್ಕೆ ಗಂಡಸರು ಕಂಡುಕೊಂಡ ಒಂದು ಮರ್ಯಾದಸ್ಥ ದಾರಿ ಅಂತಲೇ ನನ್ನ ತೀರ್ಮಾನವಾಗಿತ್ತು. ಮೀಟಿಂಗು ಮುಗಿಸಿ ಏಳುವಾಗ ಅಪ್ಪ ಭಾವ ಇಬ್ಬರೂ ನಿಜವಾಗಿಯೂ ಮಂಗಳೂರಿಗೆ ಹೋಗಿಬಂದವರ ಹಾಗೆ ಸುಸ್ತಾಗಿ ಜಗಲಿಯಲ್ಲಿ ಮಲಗುತ್ತಿದ್ದರು. ಅಮ್ಮ ಮಾತ್ರ ಪ್ರತಿ ಸಲವೂ ನೆಲದ ಮೇಲಿನ ಆ ನೀರನ್ನು ಒಂದು ಗಳಿಗೆ ನೋಡಿ, ಆಮೇಲೆ ಎತ್ತಿ ಕರಿಬೇವಿನ ಗಿಡಕ್ಕೆ ಚೆಲ್ಲುತ್ತಿದ್ದಳು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಅಳು ಬಂದಾಗ ನಾನು ಬೈಯುತ್ತೇನೆ. ಹಾಗಾಗಿ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬೈಗುಳ.

ನಿಜ ಹೇಳಬೇಕೆಂದರೆ ಮದುವೆ, ಗುಡ್ಡ, ಯೂರಿಯಾ ಎಲ್ಲ ನೆಪ. ಅಸಲು ಕಾರಣ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿತ್ತು. ಅರಕಲಗೂಡು ಕಡೆಯಿಂದ ಕರುವಾಗಿದ್ದಾಗಲೇ ತಂದ ಸೀಮೆಹಸು ಅದು. ಅಮ್ಮನ ಕೈಯಲ್ಲೇ ಬೆಳೆದದ್ದು. ಅಮ್ಮನ ಕೈ ಬಿಟ್ಟು ಬೇರೆ ಯಾರದ್ದಾದರೂ ಕೈ ಕೆಚ್ಚಲಿಗೆ ತಾಗಿದರೆ ಒಂದು ಹನಿ ಹಾಲು ಇಳಿಸುವುದಿಲ್ಲ. ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಬೆಳಿಗ್ಗೆ ಕರೆದು ಡೈರಿಗೆ ಹಾಕಿ ಹೊರಟು, ಸಂಜೆ ಕರೆಯುವ ಹೊತ್ತಿಗೆ ವಾಪಸ್ಸು ಬರುವಂತೆ ಅಪ್ಪ ಒಂದು ಪ್ಲ್ಯಾನ್ ಮಾಡಿದ್ದ. ಅದರ ಪ್ರಕಾರ ಅಮ್ಮನಿಗೆ ಸಮುದ್ರ ಸಿಗುತ್ತಿದ್ದದ್ದು ಒಂದು ಟೀ ಕುಡಿಯುವಷ್ಟು ಹೊತ್ತು, ಟೀ ಕುಡಿಯದೆ ಇದ್ದರೆ.

ಪಕ್ಕದ ಮನೆಯಾಕೆ ಬಂದು ಕೂತು ನೋಡಿದಳು, ಹಸು ಬಾಲದಲ್ಲಿ ಮುಖಕ್ಕೆ ಬಾರಿಸಿತು. ಯಾರದೋ ಮನೆಯಿಂದ ಕರೆಯುವ ಮಿಷಿನ್ನು ತಂದರು, ಅದರ ಸದ್ದು ಕೇಳಿಯೇ ಹಗ್ಗ ಕಿತ್ತುಕೊಂಡು ತಿಪ್ಪೆಯ ಮೇಲೆ ಹೋಗಿ ನಿಂತಿತು. ನಾನು ಕೂತಾಗ ಮಾತ್ರ ಒದೆಯಲಿಲ್ಲ, ತಿರುಗಿ ನೋಡಿ ದೊಡ್ಡದಾಗಿ ಉಸಿರು ಬಿಟ್ಟಿತು. ಆಫೀಸಿನಲ್ಲಿ ನಮ್ಮ ಸಾಹೇಬರು ನನ್ನನ್ನು ನೋಡಿ ಬಿಡುವ ಉಸಿರೂ ಅಂಥದ್ದೇ, ನನಗೆ ಹೊಸದೇನಲ್ಲ.

ಕೊನೆಗೆ ಭಾವ, ಬಜ್ಜಿ ಬಾಯಲ್ಲಿಟ್ಟುಕೊಂಡೇ ಒಂದು ಮಾತು ಹೇಳಿದರು. “ನಮ್ ದೊಡ್ಡಮ್ಮ ತವ್ರಿಗೆ ಓದಾಗ ದೊಡ್ಡಪ್ಪ ಅವ್ರ ಸೀರೆ ಉಟ್ಕಂಡು ಆಲ್ ಕರೀತಿದ್ರು ಮಾವ. ಅಸಕ್ಕೆ ಗೊತ್ತಾಯ್ತಿರ್ಲಿಲ್ಲ.”

ಎಲ್ಲರ ಕಣ್ಣೂ ನಿಧಾನಕ್ಕೆ ಹಗ್ಗದ ಮೇಲೆ ಒಣಗುತ್ತಿದ್ದ ಅಮ್ಮನ ಕೊಟ್ಟಿಗೆ ನೈಟಿಯ ಕಡೆ ಹೋಯಿತು. ಕೆಂಪು ಹೂವೆಲ್ಲ ಮಾಸಿ ಹೂವೋ ಕಲೆಯೋ ತಿಳಿಯದ ನೈಟಿ ಅದು.

ಐಡಿಯಾ ಕೊಟ್ಟವರೇ ಮೊದಲು ಹಾಕಿಕೊಳ್ಳಬೇಕು ಅಂತ ತೀರ್ಮಾನವಾಯಿತು. ಭಾವ ಆಳು ದಪ್ಪ, ನೈಟಿ ಹೊಟ್ಟೆಯ ಬಳಿ ಬಿಗಿಯಿತು. ತಲೆಗೊಂದು ಟವೆಲ್ಲು ಸುತ್ತಿಕೊಂಡು ಬಕೆಟ್ಟು ಹಿಡಿದು ಒಳಗೆ ಹೋದರು. ಹಸು ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಕಾಲೆತ್ತಿ ಬಿಟ್ಟ ಏಟಿಗೆ ಬಕೆಟ್ಟು ಒಂದು ಕಡೆ, ಭಾವ ಗಂಜಲದ ಕಾಲುವೆಯಲ್ಲಿ. ಏಳಿಸಲು ಹೋದಾಗ ನನ್ನ ಮೂಗಿಗೆ ಬಡಿಯಿತು ಮಲ್ಲಿಗೆ ಸೋಪಿನ ವಾಸನೆ. ವಿಚಾರಿಸಿದರೆ ಅಕ್ಕ ಆ ನೈಟಿಯನ್ನು ನೆನೆಸಿ, ಒಗೆದು, ಘಮಘಮ ಅನ್ನುವ ನೀರಿನಲ್ಲಿ ಅದ್ದಿ, ಇಸ್ತ್ರಿ ಮಾಡಿ ಕೊಟ್ಟಿದ್ದಾಳೆ!

“ಮತ್ತೆ ಆ ಸಗಣಿ ನೈಟಿನ ಅಂಗಂಗೇ ನನ್ ಗಂಡಂಗೆ ಆಕ್ಸಕ್ಕಾಯ್ತದಾ?” ಅಂತ ಅಕ್ಕ ನನ್ನ ಮೇಲೇ ಬಂದಳು. ಈಗ ಆಕೆಯ ಗಂಡನ ಮೇಲೆ ನೈಟಿಗಿಂತ ಹೆಚ್ಚು ಸಗಣಿ ಇತ್ತು. ಅಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದಳು. “ಅಳಿಯಂದ್ರೆ, ಬಿಸ್ನೀರ್ ಕಾಯ್ಸೀನಿ, ಸ್ನಾನ ಮಾಡಿ,” ಅಂತ ಅಲ್ಲಿಂದಲೇ ಕೂಗಿದಳು.

ಎರಡನೇ ಪ್ರಯತ್ನಕ್ಕೆ ಅಪ್ಪ ತಾನೇ ಮುಂದೆ ಬಂದ. ಅಮ್ಮ ಹಾಕಿ ಹಾಕಿ ಒಗೆಯದೆ ಇಟ್ಟ ನೈಟಿ ಈ ಸಲ. ಹಸು ಮೂಸಿ ಒಪ್ಪಿಕೊಂಡಿತು, ಒದೆಯಲಿಲ್ಲ. ಆದರೆ ಹಾಲೂ ಇಳಿಸಲಿಲ್ಲ. ಕಿವಿ ಹಿಂದಕ್ಕೆ ತಿರುಗಿಸಿ ಏನನ್ನೋ ಕಾಯುತ್ತ ನಿಂತಿತು. ಅಪ್ಪ ಅದರ ಹಿಂದೆ ಕಾಯುತ್ತ ಕೂತ.

ಬಾಗಿಲ ಬಳಿ ನಿಂತಿದ್ದ ಅಮ್ಮ ಸೆರಗಿನ ತುದಿ ತಿರುಚಿದಳು. “ಕರಿಯೋವಾಗ ನಾನ್ ಏನಾರ ಮಾತಾಡ್ತಿರ್ತೀನಿ ಅದ್ರ ಜೊತ್ಗೆ.”

“ಏನ್ ಮಾತಾಡ್ತೀಯ, ಏಳು, ನಾನೂ ಅದ್ನೇ ಮಾತಾಡ್ತೀನಿ,” ಅಂದ ಅಪ್ಪ.

“ಏನಿಲ್ಲ ಬುಡಿ.”

“ಏಳೇ, ಕಾಲ್ ಜೋಮು ಇಡೀತಾ ಅದೆ.”

“ನಿಮ್ ವಿಸ್ಯನೇಯಾ,” ಅಂದಳು ಅಮ್ಮ.

ನನಗೆ ಆ ದಿನ ಆದಷ್ಟು ಖುಷಿ ಮತ್ತೆ ಯಾವತ್ತೂ ಆಗಿಲ್ಲ. ಅಮ್ಮ ದಿನಾ ಎರಡು ಹೊತ್ತು ಹಸುವಿನ ಹೊಟ್ಟೆಗೆ ಹಣೆ ಆನಿಸಿ ಅಪ್ಪನ ಮೇಲೆ ಚಾಡಿ ಹೇಳುತ್ತಿದ್ದಳು, ಆ ಹಸು ಆ ಚಾಡಿ ಕೇಳಿಕೊಂಡೇ ಹಾಲು ಇಳಿಸಿಕೊಂಡು ಬಂದಿತ್ತು! ಅಪ್ಪ ನೈಟಿಯನ್ನು ಮೊಣಕಾಲ ಮೇಲಕ್ಕೆ ಸರಿಸಿಕೊಂಡ. ಆಮೇಲೆ ಗಂಟಲು ಸಣ್ಣ ಮಾಡಿಕೊಂಡು, ಹಣೆ ಆನಿಸಿ, ಶುರು ಮಾಡಿದ: “ಈ ಮನ್ಸಂಗೆ ಏಳಿ ಏಳಿ ನನ್ ಬಾಯ್ ನೋವ್ ಬಂತು ಕಣವ್ವ. ಒಂದ್ ಕೆಲ್ಸ ಆಗಲ್ಲ ಇವನ್ ಕೈಲಿ.”

ಹಸು ಕಿವಿ ಅಲ್ಲಾಡಿಸಿತು.

“ಮೂರೊತ್ತೂ ಪ್ಲ್ಯಾನು. ಸ್ನಾನಕ್ಕೋದ್ರೆ ಟವೆಲ್ ಮರೀತಾನೆ. ಆಸ್ನಕ್ಕೋದ್ರೆ ಸ್ಟಾರ್ಟರ್ ಮರೀತಾನೆ...”

ಸ್ಟಾರ್ಟರ್ ಅನ್ನುವ ಮಾತಿಗೆ ಸರಿಯಾಗಿ ಮೊದಲ ಹಾಲು ಬಕೆಟ್ಟಿಗೆ ಬಿತ್ತು. ಅಲ್ಲಿಂದ ಅಪ್ಪನಿಗೆ ಹುಮ್ಮಸ್ಸು ಬಂತು ನೋಡಿ. ಅಮ್ಮನೇ ಮರೆತಿದ್ದ ತನ್ನ ತಪ್ಪುಗಳನ್ನೆಲ್ಲ ಹುಡುಕಿ ಹುಡುಕಿ ಹೇಳಿದ. ಬಕೆಟ್ಟಿನ ತುಂಬ ನೊರೆ. “ಇಷ್ಟೊಂದೆಲ್ಲ ನಾನ್ ಏಳಿಲ್ಲ ಕಣೆ,” ಅಂತ ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಡೈರಿಯಲ್ಲಿ ಈ ಸುದ್ದಿ ಹೇಗೋ ಹಬ್ಬಿ, ಹಾಲು ಹಾಕಲು ಹೋದಾಗೆಲ್ಲ “ಇವತ್ತು ಅಣ್ಣ ಕರೆದಿದ್ದೋ, ಅಕ್ಕ ಕರೆದಿದ್ದೋ?” ಅಂತ ಕೇಳುವುದು ರೂಢಿಯಾಯಿತು.

ಹೀಗೆ ಸಮುದ್ರದ ಪ್ಲ್ಯಾನು ಕೊನೆಗೂ ಗಟ್ಟಿಯಾಯಿತು. ಒಂದು ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಬರುವುದು. ಭಾವನ ಕಾರು. ಹೊರಡುವವರು ಅಮ್ಮ, ಅಕ್ಕ, ಭಾವ, ನಾನು. ಹೊರಡುವ ಬೆಳಿಗ್ಗೆ ಪುಳಿಯೋಗರೆ ಡಬ್ಬ ಕಾರಿಗಿಡುವಾಗ ಅಮ್ಮನಿಗೆ ಹೊಳೆಯಿತು, ನೈಟಿ ಹಾಕಿಕೊಳ್ಳುವವನು ಕಾರಿನಲ್ಲಿ ಇರುವುದಿಲ್ಲ ಅಂತ. ನಮಗೆಲ್ಲ ಅದು ಗೊತ್ತೇ ಇತ್ತು, ಆದರೆ ಪ್ಲ್ಯಾನಿನ ಗಲಾಟೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

“ನಾನೊಲ್ಲೆ. ನೀವೇ ಓಗ್ಬನ್ನಿ,” ಅಂದಳು.

“ಓಗೇ ಸುಮ್ನೆ. ನಾನ್ ನೋಡ್ದೇ ಇರೋ ಸಮುದ್ರವಾ?” ಅಂದ ಅಪ್ಪ. ಕಾರಿನ ಬಾಗಿಲು ತಾನೇ ಹಾಕಿದ. “ಪಾವಿನ ತಾವು ತಿಂಡಿ ತಿನ್ನಿ. ಕುಕ್ಕರ್ ಇಳಿಯೋವಾಗ ನಿಧಾನ ಅಳಿಯಂದ್ರೆ,” ಅಂತ ಗೇಟಿನವರೆಗೂ ಕೂಗುತ್ತ ಬಂದ.

ಕುಕ್ಕರ್ ಇಳಿಯುವಾಗ ಅಕ್ಕನಿಗೆ ವಾಂತಿಯಾಯಿತು.

ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಮುಂದೆ ನಿಂತೆವು. ಅಮ್ಮ ಏನಾದರೂ ಹೇಳುತ್ತಾಳೆ ಅಂತ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಸಮುದ್ರ ನೋಡಲೇ ಇಲ್ಲ, ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಸ್ವಲ್ಪ ಎತ್ತಿ, ಒದ್ದೆ ಮರಳಿನ ಅಂಚಿನಲ್ಲಿ ನಿಂತು ಅಲ್ಲಾಡದೆ ಕಾಯ್ದಳು. ನೀರು ಬಂತು. ಪಾದ ಮುಚ್ಚಿ, ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. “ಅಯ್ಯೋ, ಎಳೀತದೆ ಕಣೆ!” ಅಂತ ಕಿರುಚಿ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಮುಂದಿನ ಅಲೆಗೆ ಬೈದಳು. ಅದರ ಮುಂದಿನದಕ್ಕೆ ನಕ್ಕಳು. ಭಾವ ಚುರುಮುರಿ ತಂದು ಕೊಟ್ಟರೆ ಅದನ್ನೂ ಮುಟ್ಟದೆ ನಿಂತೇ ಇದ್ದಳು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಬೈಯುವುದೇ ಮರೆತುಹೋಯಿತು.

ಹಾಲು ಕರೆಯುವ ಹೊತ್ತಿಗೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಫೋನನ್ನು ಹುಲ್ಲು ಹಾಕುವ ಗೋದಲಿಯ ಮೇಲೆ ನಿಲ್ಲಿಸಿದ್ದ. ಮೊದಲು ಹಸುವಿನ ಮೂಗು ಕಂಡಿತು. ಆಮೇಲೆ ಅದರ ಹಿಂದೆ ನೈಟಿ ಹಾಕಿಕೊಂಡ ಅಪ್ಪ. ಭಾವ ನಕ್ಕು ನಕ್ಕು ಮರಳಿನಲ್ಲಿ ಕೂತುಬಿಟ್ಟರು. ಅಮ್ಮ “ಏನವ್ವಾ, ಉಂಡ್ಯಾ?” ಅಂದಳು. ಅಪ್ಪನನ್ನಲ್ಲ, ಹಸುವನ್ನು. ಆ ದನಿ ಕೇಳಿದ್ದೇ ತಡ, ಆ ಕಡೆ ಬಕೆಟ್ಟಿನಲ್ಲಿ ಹಾಲಿನ ಸದ್ದು ಶುರುವಾಯಿತು. ಅಪ್ಪ ತನ್ನನ್ನು ತಾನು ಬೈದುಕೊಳ್ಳುವ ಶ್ರಮ ಆ ದಿನ ಉಳಿಯಿತು.

ಅಮ್ಮ ಫೋನ್ ತಿರುಗಿಸಿ ಸಮುದ್ರ ತೋರಿಸಿದಳು. ಅಪ್ಪ ಕರೆಯುತ್ತಿದ್ದವನು ಕೈ ನಿಲ್ಲಿಸಿದ. ಎದ್ದು ಬಂದು ಹಸುವಿನ ಮೂಗನ್ನು ಪಕ್ಕಕ್ಕೆ ಸರಿಸಿ ಫೋನಿಗೆ ಮುಖ ಹತ್ತಿರ ತಂದ.

“ಅತ್ಲಾ ಕಡೆ ಅಂಚು ಕಾಣಾಕಿಲ್ವಾ?” ಅಂತ ಕೇಳಿದ.

“ಇಲ್ಲ ಕಣಪ್ಪ, ಎಲ್ಲಿ ಕಾಣ್ತದೆ,” ಅಂದೆ ನಾನು.

ಆಮೇಲೆ ಮೆಲ್ಲಗೆ ಅಮ್ಮನನ್ನು ಕೇಳಿದ: “ನೀರು ತಾನಾಗೇ ಬತ್ತದಾ?”

ನನಗೆ ಆಗ ಹೊಳೆಯಿತು. ಈ ಮನುಷ್ಯ ಯಾವಾಗ ಸಮುದ್ರಕ್ಕೆ ಹೋಗಿದ್ದ, ಯಾರ ಜೊತೆ ಹೋಗಿದ್ದ ಅಂತ ನಾವು ಯಾರೂ ಯಾವತ್ತೂ ಕೇಳಿಯೇ ಇರಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ ಅಂತ ನಂಬಿಕೊಂಡಿದ್ದೆವು. ಅಷ್ಟೂ ಭಾನುವಾರ ನೆಲದ ಮೇಲೆ ಬೇಸನ್ನಿಟ್ಟು ನೀರು ಹುಯ್ದು ನೋಡುತ್ತಿದ್ದವನು ತಾನೂ ಅಷ್ಟನ್ನೇ ನೋಡಿದ್ದು.

ಫೋನ್ ಇಟ್ಟ ಮೇಲೆ ಅಮ್ಮ ಕಾರಿನಿಂದ ಕುಡಿಯುವ ನೀರಿನ ಸಣ್ಣ ಕ್ಯಾನು ತರಿಸಿ, ಇದ್ದ ನೀರನ್ನೆಲ್ಲ ಮರಳಿಗೆ ಚೆಲ್ಲಿದಳು. ಮೊಣಕಾಲುದ್ದ ನೀರಿನಲ್ಲಿ ಕ್ಯಾನಿನ ಬಾಯಿ ಹಿಡಿದು ನಿಂತಳು. ಬಗ್ಗಿ ತುಂಬಿಕೊಳ್ಳಲಿಲ್ಲ, ಅಲೆಗಳು ತಾವಾಗಿ ಬಂದು ತುಂಬುವವರೆಗೆ ಕಾಯ್ದಳು. “ಅತ್ತೆ, ಉಪ್ಪು ನೀರು, ಏನ್ ಮಾಡ್ತೀರಾ?” ಅಂದರು ಭಾವ. “ಬೇಕು,” ಅಂದಳು ಅಮ್ಮ. ರಾತ್ರಿ ಲಾಡ್ಜಿನಲ್ಲೂ ಅದನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡಳು, ಮಾರನೇ ದಿನ ಘಾಟಿ ಹತ್ತುವಾಗ ತೊಡೆಯ ಮೇಲೆ.

ಮನೆ ತಲುಪಿದಾಗ ಅಪ್ಪ ಜಗಲಿಯಲ್ಲಿ ಕೂತಿದ್ದ. ಲುಂಗಿ ಉಟ್ಟು ಮತ್ತೆ ಗಂಡಸಾಗಿದ್ದ. “ಎಂಗಿತ್ತು ನನ್ ಪ್ಲ್ಯಾನು?” ಅಂತ ಜೋರಾಗಿ ಕೇಳಿದ. ಅಮ್ಮ ಒಳಗೆ ಹೋಗಿ ಅನ್ನದ ಬೇಸನ್ನು ತಂದು ಅವನ ಮುಂದೆ ನೆಲದ ಮೇಲಿಟ್ಟಳು. ಕ್ಯಾನಿನ ನೀರನ್ನು ಅದಕ್ಕೆ ಹುಯ್ದಳು. ತಳದಲ್ಲಿ ಒಂದಿಷ್ಟು ಮರಳೂ ಬಿತ್ತು.

“ಕಾಲ್ ಇಡಿ,” ಅಂದಳು.

ಅಪ್ಪ ಹೌಹಾರಿದ. “ಲೇ, ಅನ್ನದ ಬೇಸನ್ನು ಕಣೆ!”

“ಇಡಿ ಅಂದೆ.”

ಅಪ್ಪ ನಮ್ಮ ಮುಖ ನೋಡಿದ. ನಾವು ಯಾರೂ ನಗಲಿಲ್ಲ. ಭಾವ ಕೂಡ ನಗಲಿಲ್ಲ. ಲುಂಗಿ ಎತ್ತಿಕೊಂಡು ಎರಡೂ ಪಾದವನ್ನು ಮೆಲ್ಲಗೆ ಬೇಸನ್ನಿನೊಳಗೆ ಒಂದು ಅಂಚಿಗೆ ಇಟ್ಟ. ನೀರು ಕಡಿಮೆ ಇತ್ತು, ಬೆರಳೂ ಮುಳುಗಲಿಲ್ಲ. ಅಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಆಚೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ಎತ್ತಿದಳು. ನೀರು ತಾನಾಗೇ ಬಂದು ಅಪ್ಪನ ಪಾದ ನೆನೆಸಿತು. ಇಳಿಸಿದಳು, ನೀರು ಹಿಂದಕ್ಕೆ ಹೋಯಿತು.

“ಇಂಗೇ ಬತ್ತದೆ,” ಅಂದಳು ಅಮ್ಮ, ಮತ್ತೆ ಅಂಚು ಎತ್ತಿದಳು.